ಮೊದಲು ಮಂಜೂರಾತಿ, ಆಮೇಲೆ ಚೆಕ್ಕು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮ ಕಥೆ ಅಂದಮೇಲೆ ಹೂವು, ಬೆಳದಿಂಗಳು ಇರಬೇಕು. ಈ ಕಥೆಯಲ್ಲಿರುವುದು ತೆರಿಗೆ ರಿಯಾಯಿತಿ! ಇಂಥ ಒಣ ವಿಷಯ ಹಿಡಿದು ನಿಮ್ಮ ಮನಸ್ಸು ಮುಟ್ಟುವ ಜಾಣ್ಮೆ ನನಗಿದೆಯೋ ಇಲ್ಲವೋ... ಆದರೂ ಹೇಳದೆ ಇರಲಾಗುತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಮುಟ್ಟಬೇಡಿ! ಹಸಿ ಇದೆ!"

ಅಷ್ಟರಲ್ಲಾಗಲೇ ಅವಳು ಬಾಗಿಲಿಗೆ ಒರಗಿಯಾಗಿತ್ತು. ಮೊಣಕೈಯಿಂದ ಭುಜದವರೆಗೆ ಕಡುನೀಲಿ!

ಬಣ್ಣದಂಗಡಿಯ ಮಾಲೀಕ ಏಣಿಯಿಂದ ದಡಬಡಿಸಿ ಇಳಿದ. ಟರ್ಪೆಂಟೈನ್ ಅದ್ದಿದ ಬಟ್ಟೆ ಹಿಡಿದು ಅವಳ ತೋಳಿನತ್ತ ಕೈ ಚಾಚಿದವನು, ತಟ್ಟನೆ ನಾಚಿಕೊಂಡು ಬಟ್ಟೆಯನ್ನು ಅವಳ ಕೈಗೇ ಕೊಟ್ಟ.

"ಛೇ, ಬೋರ್ಡ್ ಹಾಕ್ಬೇಕಿತ್ತು ನಾನು. ಏನು ಬೇಕಿತ್ತು ಮೇಡಂ?"

"ದೇಣಿಗೆ."

ಇಷ್ಟಗಲವಿದ್ದ ಅವನ ಮುಖ ಇಷ್ಟೇ ಆಯಿತು.

"ಲೋ, ಯಾರೋ ಅದು? ಗಿರಾಕಿನಾ?" ಒಳಗಿನಿಂದ ಅವನ ಅಕ್ಕನ ದನಿ. ಅಂಗಡಿಯಲ್ಲಿ ಅರ್ಧ ಪಾಲು ಅವಳದು, ಮಾತಿನಲ್ಲಿ ಮುಕ್ಕಾಲು ಪಾಲು.

"ಇಲ್ಲ ಕಣೇ ಅಕ್ಕ. ಗಿರಾಕಿ ನಾವೇ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆ ನಗುವಿನಲ್ಲಿ ಏನೋ ಇತ್ತು... ಹೇಳಬೇಕಾದ ಮಾತನ್ನು ಅವಳು ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಸರಿಯಾಗಿ ಹೇಳಿದಳು.

ಊರಿನ ಹಳೇ ರೈಲು ನಿಲ್ದಾಣ ಮುಚ್ಚಿ ವರ್ಷಗಳೇ ಆಗಿದ್ದವು. ಅದನ್ನು ಮೊದಲಿನಂತೆ ಮಾಡಲು ಹೊರಟ ಸಮಿತಿಯಲ್ಲಿ ಅವಳು ಗುಮಾಸ್ತೆ. ವ್ಯಾಪಾರಿಗಳಿಂದ ದೇಣಿಗೆ ತರುವುದೇ ಅವಳ ಕೆಲಸ. ಕೊಟ್ಟವರಿಗೆ ಕೊಟ್ಟದ್ದರಲ್ಲಿ ದೊಡ್ಡ ಪಾಲನ್ನು ಸರ್ಕಾರ ತೆರಿಗೆಯಲ್ಲಿ ಬಿಟ್ಟುಕೊಡುತ್ತಿತ್ತು.

"ಆದ್ರೆ ಒಂದು ವಿಷ್ಯ," ಅವಳು ಬೆರಳೆತ್ತಿ ಹೇಳಿದಳು. "ಮೊದಲು ಅರ್ಜಿ ಹಾಕ್ಬೇಕು. ತೆರಿಗೆ ಕಚೇರಿಯಿಂದ ಮಂಜೂರಾತಿ ಬರ್ಬೇಕು. ಆಮೇಲೇ ಚೆಕ್ಕು. ಹಿಂದೆ ಮುಂದೆ ಆದ್ರೆ ರಿಯಾಯಿತಿ ಇಲ್ಲ."

"ಮೊದಲು ಮಂಜೂರಾತಿ, ಆಮೇಲೆ ಚೆಕ್ಕು," ಪಾಠ ಒಪ್ಪಿಸುವವನಂತೆ ಅವನು ಹೇಳಿದ. "ಮದುವೆ ಥರಾನೇ ಅನ್ನಿ!"

ಅವಳ ಕಿವಿ ಬಿಸಿಯಾಯಿತು.

ಅರ್ಜಿ ಹೋಯಿತು. ಆಮೇಲೆ ಅವನು ಏನಾದರೊಂದು ನೆಪ ಮಾಡಿಕೊಂಡು ನಿಲ್ದಾಣಕ್ಕೆ ಬರತೊಡಗಿದ. ಸಮಿತಿಯ ಕಚೇರಿ ಇದ್ದದ್ದು ಹಳೇ ಟಿಕೆಟ್ ಕೊಠಡಿಯಲ್ಲಿ. ಅವನು ಹೊರಗೆ ನಿಂತು ಕಿಂಡಿಯೊಳಗೆ ಮುಖವಿಟ್ಟು, "ಒಂದು ಟಿಕೆಟ್ ಕೊಡಿ ಮೇಡಂ, ಎಲ್ಲಿಗಾದ್ರೂ ಸರಿ," ಅನ್ನುತ್ತಿದ್ದ. ಕಂಬಗಳ ಮೇಲಿನ ಬಣ್ಣವನ್ನು ಚಾಕುವಿನಿಂದ ಪದರ ಪದರವಾಗಿ ಕೆರೆದು ತೋರಿಸುತ್ತಿದ್ದ. ಬೂದುಬಣ್ಣದ ಕೆಳಗೆ ಹಳದಿ, ಹಳದಿಯ ಕೆಳಗೆ ಎಳೆ ಹಸಿರು.

ತನ್ನ ಆಸೆಯನ್ನೂ ಹೇಳಿಕೊಂಡ. ಎದುರಿಗೆ ಹೊಸ ಅಂಗಡಿ ಬಂದಿದೆ. ಅಲ್ಲಿ ಬಣ್ಣ ಬೆರೆಸುವ ಯಂತ್ರವಿದೆ. ಗಿರಾಕಿಗಳೆಲ್ಲ ಅತ್ತ ಹೊರಳುತ್ತಿದ್ದಾರೆ. "ತೆರಿಗೆಯಲ್ಲಿ ಉಳಿಯುತ್ತಲ್ಲ, ಅದಕ್ಕೆ ಸ್ವಲ್ಪ ಸೇರಿಸಿ ನಾನೂ ಯಂತ್ರ ತಗೋತೀನಿ. ಸ್ಟೇಷನ್ನೂ ಉಳಿಯುತ್ತೆ, ಅಂಗಡಿನೂ ಉಳಿಯುತ್ತೆ!"

ಒಂದು ಮಧ್ಯಾಹ್ನ ಬಂದವನೇ ಕಿಂಡಿಯಲ್ಲಿ ಚೆಕ್ಕು ಚಾಚಿದ.

"ತಗೊಳ್ಳಿ. ಅಕ್ಕನ ಮನಸ್ಸು ಬದಲಾಗೋ ಮುಂಚೆ."

ಅವಳು ತೆಗೆದುಕೊಂಡಳು. ರಸೀದಿ ಬರೆದಳು. ಫ್ಲಾಸ್ಕಿನ ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿದರು. ಎಷ್ಟೊಂದು ಮಾತು! ಅವನು ಹೋದ ಮೇಲೂ ಅವಳು ತನ್ನಷ್ಟಕ್ಕೆ ನಗುತ್ತ ಕೂತಿದ್ದಳು.

ಚೆಕ್ಕು ಬ್ಯಾಂಕಿಗೆ ಹೋಯಿತು. ಮರುವಾರ ಮಂಜೂರಾತಿ ಬಂತು. ಅದರ ತಾರೀಖು ನೋಡಿದಾಗಲೇ ಅವಳಿಗೆ ತಪ್ಪು ಹೊಳೆದದ್ದು.

ಮೊದಲು ಚೆಕ್ಕು... ಆಮೇಲೆ ಮಂಜೂರಾತಿ!

ಊರಿಗೆಲ್ಲ ಬೆರಳೆತ್ತಿ ಹೇಳುತ್ತಿದ್ದ ಮಾತನ್ನು ಅವಳೇ ಮರೆತಿದ್ದಳು. ತೆರಿಗೆ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯವರು ಸಮಾಧಾನವಾಗಿಯೇ ಹೇಳಿದರು, "ಆಗಲ್ಲಮ್ಮ. ದುಡ್ಡು ವಾಪಸ್ ಕೊಟ್ಟು ಮತ್ತೆ ತಗೊಂಡ್ರೂ ಆಗಲ್ಲ."

ಸಮಿತಿಯ ಅಧ್ಯಕ್ಷರಿಗೆ ತಿಳಿಸಿದಳು.

"ತಾರೀಖು ಬದಲಾಯಿಸಿ ಇನ್ನೊಂದು ರಸೀದಿ ಬರೆದುಬಿಡು. ಯಾರು ನೋಡ್ತಾರೆ?"

"ಬ್ಯಾಂಕಲ್ಲಿ ತಾರೀಖು ಇರುತ್ತಲ್ಲ ಸರ್. ಸುಳ್ಳು ಬರೆಯೋದು ನಾನು, ಸಿಕ್ಕಿಬೀಳೋದು ಅವರು."

"ಹಾಗಾದ್ರೆ ಅವರಿಗೆ ನೀನೇ ಹೇಳು."

ಹೇಳಬೇಕು. ಇವತ್ತೇ ಹೇಳಬೇಕು... ನಾಳೆ ಹೇಳಿದರಾಗದೇ?

ಅವನು ಬಂದರೆ ಅವಳು ಕಿಂಡಿ ಮುಚ್ಚಿಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಫೋನ್ ಬಂದರೆ ಎತ್ತುತ್ತಿರಲಿಲ್ಲ. ನಂಬಿ ಕೊಟ್ಟವನಿಗೆ ಎಂಥ ಕೆಲಸ ಮಾಡಿದೆ! ಯಾವ ಮುಖ ಹೊತ್ತು ನಿಲ್ಲಲಿ ಅವನೆದುರು?

ಕೊನೆಗೆ ಅಕ್ಕನೇ ಬಂದಳು. ಕಿಂಡಿಗೆ ಬಳೆಯಿಂದ ಟಣಟಣ ಬಡಿದಳು.

"ಏನಮ್ಮಾ, ಚೆಕ್ಕು ಬರೋವರೆಗೆ ಹಲ್ಲು ಕಿರಿಯೋದು, ಬಂದ್ಮೇಲೆ ಬಾಗಿಲು ಹಾಕೋದು. ಇದೇನಾ ನಿಮ್ಮ ಸಮಿತಿ ಕಲಿಸೋದು?"

"ಅಕ್ಕಾ, ಹಾಗಲ್ಲ..."

"ಅಕ್ಕ ಅನ್ಬೇಡ. ಅಂಗಡೀಲಿ ಒಬ್ಬ ಮಂಕು ಬಡಿದೋನ ಥರ ಕೂತಿದಾನೆ. ಬಿಳಿ ಕೇಳಿದೋರಿಗೆ ಕೆಂಪು ಕಟ್ಟಿಕೊಡ್ತಾನೆ. ಇನ್ನು ಆ ದರಿದ್ರ ಯಂತ್ರದ ಏಜೆಂಟು, ನಾಳೆ ಬಂದು ಆರ್ಡರ್ ತಗೋತೀನಿ ಅಂತಿದಾನೆ."

ನಾಳೆ! ಆರ್ಡರ್ ಕೊಟ್ಟುಬಿಟ್ಟರೆ ಅವನು ಮುಳುಗಿಹೋಗುತ್ತಾನೆ. ಅವಳು ಚಪ್ಪಲಿ ಮೆಟ್ಟಿದವಳೇ ಅಕ್ಕನನ್ನೂ ದಾಟಿ ಓಡಿದಳು.

ಅಂಗಡಿಯಲ್ಲಿ ಅವನು ತಲೆ ಎತ್ತಲಿಲ್ಲ.

"ರಸೀದಿ ಕೊಟ್ಟಾಗಿದೆ. ಇನ್ನೇನು ಬಾಕಿ ಮೇಡಂ?"

"ಯಂತ್ರಕ್ಕೆ ಆರ್ಡರ್ ಕೊಡ್ಬೇಡಿ." ಏದುಸಿರಿನಲ್ಲೇ ಹೇಳಿದಳು. "ನಿಮಗೆ ರಿಯಾಯಿತಿ ಸಿಗಲ್ಲ. ಮಂಜೂರಾತಿ ಬರೋ ಮುಂಚೆ ಚೆಕ್ಕು ತಗೊಂಡೆ. ತಪ್ಪು ನಂದು. ಪೂರ್ತಿ ನಂದೇ."

ಅವನ ಕೈಯಲ್ಲಿದ್ದ ಡಬ್ಬಿ ಹಾಗೇ ನಿಂತಿತು.

"ಯಾವಾಗ ಗೊತ್ತಾಯ್ತು?"

"ಮಂಜೂರಾತಿ ಬಂದ ದಿನಾನೇ."

"ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ರಾ?" ಅವನ ದನಿ ಏರಿತು. "ರಿಯಾಯಿತಿ ಹೋದ್ರೆ ಹೋಗ್ಲಿ ರೀ! ನಾನಿಲ್ಲಿ, ನನ್ನ ಕಂಡ್ರೆ ಇವರಿಗೆ ಆಗಲ್ಲ, ಬರೀ ಚೆಕ್ಕಿಗೋಸ್ಕರ ನಗ್ತಿದ್ರು ಅಂತ... ದಿನಾ..." ಮಾತು ಮುರಿಯಿತು. "ಪಾಠ ಹೇಳಿಕೊಟ್ಟೋರೇ ನೀವು. ಹೇಗೆ ಮರೆತ್ರಿ?"

ಅದೇ ಪ್ರಶ್ನೆಗೆ ಅವಳು ಹೆದರಿದ್ದಳು. ಕಣ್ಣು ತುಂಬಿ ಬಂತು.

"ಈಗ ಬೇಡ, ಆಮೇಲೆ ತನ್ನಿ ಅಂದಿದ್ರೆ... ನೀವು ಆವಾಗ್ಲೇ ಹೊರಟುಹೋಗ್ತಿದ್ರಿ. ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಲಿ ಅಂತ ಆಸೆ ಆಯ್ತು... ಅಷ್ಟೇ."

ಬಾಗಿಲಲ್ಲಿ ಏದುಸಿರು ಬಿಡುತ್ತ ಬಂದು ನಿಂತಿದ್ದ ಅಕ್ಕ, ಜೀವಮಾನದಲ್ಲಿ ಮೊದಲ ಬಾರಿಗೆ ಮಾತಾಡದೆ ಹಿತ್ತಲಿಗೆ ನಡೆದಳು.

ಅವನು ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ನನಗಿನ್ನೂ ಸಿಟ್ಟಿದೆ," ಅಂದ.

"ಇರ್ಬೇಕು. ಇರ್ಲಿ."

"ಇವತ್ತೇ ಹೋಗಲ್ಲ ಅದು."

"ಹೋಗೋವರೆಗೆ... ನಾನಿಲ್ಲೇ ಇರ್ಲಾ?"

ಅವನ ತುಟಿಯ ಅಂಚು ಅಲುಗಿತು. ಮುಂದಿದ್ದ ಡಬ್ಬಿಯ ಮುಚ್ಚಳ ತೆಗೆದು, ಬಿಳಿಗೆ ಒಂದಿಷ್ಟು ಹಸಿರು ಸುರಿದ. ಬೆರೆಸುವ ಕೋಲನ್ನು ಅವಳತ್ತ ಚಾಚಿದ.

"ಯಂತ್ರ ಬರೋವರೆಗೆ ಕೈಯಲ್ಲೇ ಆಗ್ಬೇಕು. ಬರುತ್ತಾ?"

"ಇಲ್ಲ. ಯಾವ ಕಡೆಗೆ ತಿರುಗಿಸ್ಬೇಕು?"

"ಯಾವ ಕಡೆಗಾದ್ರೂ ಸರಿ." ಅವನ ಕೈ ಅವಳ ಕೈಯ ಮೇಲೆ ಬಂದು ಕೂತಿತು. "ನಿಲ್ಲಿಸ್ಬೇಡಿ, ಅಷ್ಟೇ."

ಮುಂದೆ ಅವರ ಮದುವೆಯಾಯಿತು. ಅಂಗಡಿ ಹೇಗೋ ಕುಂಟುತ್ತ ನಡೆಯುತ್ತಿದೆ, ಯಂತ್ರ ಇನ್ನೂ ಬಂದಿಲ್ಲ. ಆದರೆ ಆ ಮಧ್ಯಾಹ್ನ ಚೆಕ್ಕಿಗೆ ಕೈಚಾಚಿದಾಗ ಅವಳಿಗೆ ನಿಯಮ ನಿಜವಾಗಿಯೂ ಮರೆತಿತ್ತೋ, ನೆನಪಿದ್ದೂ ಒಂದು ಗಳಿಗೆ ಅತ್ತ ನೋಡದೆ ಇದ್ದಳೋ... ಅವಳಿಗೇ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನನಗೂ ಗೊತ್ತಿಲ್ಲ.