ಮಡಚಿಟ್ಟ ನದಿಯೂ ಸಂಕವ್ವನ ಪ್ರಶ್ನೆಯೂ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಅಡ್ಡಾಡುವ ಚಟವಿದ್ದ ಕಾಲದಲ್ಲಿ, ಕೆಂಜಾಡಿ ಎಂಬ ಒಂದು ರಾಜ್ಯವಿತ್ತು. ಅಲ್ಲಿನ ದೊರೆ ಸೌಮ್ಯಸೇನ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದ. ಆಡಿಸಿ ಆಡಿಸಿ ಕಿರೀಟ ಸಡಿಲಾಗಿ ಕಿವಿಗೆ ಜೋತುಬಿದ್ದಿತ್ತು. ಸುಳ್ಳೆನ್ನುವವರು ಹೋಗಿ ಕಿವಿ ನೋಡಿಕೊಂಡು ಬರಬಹುದು.

ಆ ರಾಜ್ಯದಲ್ಲಿ ಊರಿಗೊಬ್ಬ ಕೇಳುಗಾರ. ಊರಿನ ಪರವಾಗಿ ರಾಜಸಭೆಗೆ ಹೋಗಿ ಮಂತ್ರಿಗಳಿಗೆ ಪ್ರಶ್ನೆ ಹಾಕುವುದೇ ಅವನ ಕೆಲಸ. ಕೇಳುವವರು ಎದ್ದು ನಿಂತು ಕೇಳಬೇಕು, ಹೇಳುವವರು ಎದ್ದು ನಿಂತು ಹೇಳಬೇಕು. ಕೇಳುಗಾರ "ಒಪ್ಪಿದೆ" ಅನ್ನುವವರೆಗೆ ಎದ್ದವರು ಕೂರುವಂತಿಲ್ಲ. ಇದು ಹಿರಿಯರ ಪದ್ಧತಿ. ಮಹಾಮಂತ್ರಿ ಜಡಜಂಘ ಮಾಯಾವಿ. ಅವನು ಈ ಪದ್ಧತಿಯ ಅಂಚಿಗೆ ಸದ್ದಿಲ್ಲದೆ ಒಂದು ಮಂತ್ರ ಹೊಲಿದಿದ್ದ: ಎದ್ದವರು ಒಪ್ಪಿಗೆಗೆ ಮೊದಲೇ ಕೂತರೆ, ಕೂತಲ್ಲೇ ಕುರ್ಚಿಯಾಗಬೇಕು. ಅವನಂತೂ ಯಾವತ್ತೂ ಎದ್ದವನೇ ಅಲ್ಲ. ಪ್ರಶ್ನೆ ಬಂದಾಗಲೆಲ್ಲ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಸಕ್ಕರೆಯಂಥ ದನಿಯಲ್ಲಿ ಉಪಚರಿಸುತ್ತಿದ್ದ. ಹಳ್ಳಿಯಿಂದ ನಡೆದು ಬಂದ ಕಾಲುಗಳು, ಪಾಪ, ಕೂತುಬಿಡುತ್ತಿದ್ದವು. ಸಭೆಯ ತುಂಬ ಚೆಂದಚೆಂದದ ಕುರ್ಚಿಗಳಾದವು. ದೊರೆ "ಬಡಗಿ ಒಳ್ಳೆಯವನು" ಎಂದು ತಲೆಯಾಡಿಸಿದ.

ಇತ್ತ ಹೊಳೆಮಗ್ಗುಲು ಎಂಬ ಊರಲ್ಲಿ ಚಿತ್ತಾರಿ ನದಿ ಒಂದು ಬೆಳಗ್ಗೆ ಇರಲಿಲ್ಲ. ಬತ್ತಿದ್ದಲ್ಲ, ಇರಲಿಲ್ಲ. ದೋಣಿ ಮರಳ ಮೇಲೆ ಕೂತಿತು, ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟವು. ಊರಿನ ಕೇಳುಗಾರ ಮಾಚಣ್ಣ, "ನದಿ ಎಲ್ಲಿ ಅಂತ ಕೇಳಿ ಬರ್ತೀನಿ" ಎಂದು ಹೋದವನು ತಿರುಗಿ ಬರಲಿಲ್ಲ. ಅವನ ತಂಗಿ ಸಂಕವ್ವ ದೋಣಿ ನಡೆಸುವವಳು. ನದಿಯೂ ಇಲ್ಲ, ಅಣ್ಣನೂ ಇಲ್ಲ. ಊರವರನ್ನು ಕೂಡಿಸಿ, "ಈ ಸಲ ನನ್ನನ್ನ ಕಳಿಸಿ" ಅಂದಳು. ಸೆರಗಿನ ತುದಿಗೆ ಹಸಿಮೆಣಸಿನಕಾಯಿ ಕಟ್ಟಿಕೊಂಡು ಹೊರಟಳು.

ಸಭೆಯಲ್ಲಿ ಅವಳು ನಡುವೆ ನಿಂತು ಕೇಳಿದಳು: "ಬುದ್ಧೀ, ಚಿತ್ತಾರಿ ನದಿಯ ಆರೈಕೆಗೆ ಅಂತ ವರ್ಷಾ ವರ್ಷಾ ಬೊಕ್ಕಸದಿಂದ ಹೊನ್ನು ಹೋಗ್ತದಲ್ಲ, ಅದೆಲ್ಲಿ ಹೋಯ್ತು? ನದಿ ಎಲ್ಲಿ ಹೋಯ್ತು?"

ಬೊಕ್ಕಸದ ಮಂತ್ರಿ ಎದ್ದ. ಅವನು ಬಾಯಿ ತೆರೆದರೆ ಮಾತಿನ ಬದಲು ಗಿಳಿ ಬರುತ್ತಿತ್ತು. ಒಂದೊಂದು ಉತ್ತರಕ್ಕೂ ಒಂದೊಂದು ಹಿಂಡು. "ಪ್ರಗತಿ! ಪ್ರಗತಿ!" ಎಂದು ಕೂಗುತ್ತ ಗಿಳಿಗಳು ತೊಲೆಗಳ ಮೇಲೆಲ್ಲ ಕೂತವು. ಸಭೆ ಬಾಯಿ ಬಿಟ್ಟುಕೊಂಡು ಮೇಲೆ ನೋಡಿತು. ಪ್ರಶ್ನೆ ಮರೆತೇಹೋಯಿತು.

ಸಂಕವ್ವ ಹೋಗಿ ಕಿಟಕಿ ತೆಗೆದಳು. ಗಿಳಿಗಳು ಪೇರಲದ ತೋಟ ಕಂಡು ಹಾರಿಹೋದವು. ಮಂತ್ರಿಯ ಬಾಯಲ್ಲಿ ಒಂದು ಹಸಿರು ಪುಕ್ಕ ಉಳಿಯಿತು.

"ಈಗ ಹೇಳಿ ಸ್ವಾಮಿ."

ಅವನು ಪುಕ್ಕ ಉಗಿದ. "ಹೊನ್ನನ್ನ ಕಟ್ಟಡದ ಮಂತ್ರಿಗೆ ಕೊಟ್ಟಿದ್ದೀನಿ ಕಣಮ್ಮ. ನದಿ ನನ್ನ ಖಾತೆಗೆ ಬರೋದಿಲ್ಲ."

ಕಟ್ಟಡದ ಮಂತ್ರಿ ಎದ್ದ. ಅವನ ಮಾತು ಜೇನು. ನಿಜವಾದ ಜೇನು, ತುಟಿಯಿಂದ ಇಳಿದು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಕೇಳಿದವರ ರೆಪ್ಪೆಗೆ ರೆಪ್ಪೆ ಅಂಟುತ್ತಿತ್ತು. "ಸನ್ಮಾನ್ಯರೇ, ಸದರಿ ನದಿಯ ಸದರಿ ದಡದಲ್ಲಿ ಸದರಿ ಸೋಪಾನಗಳ..." ಎನ್ನುವಷ್ಟರಲ್ಲಿ ದೊರೆ ಗೊರಕೆ ಹೊಡೆದ, ಕಾವಲುಗಾರ ಈಟಿಗೆ ಒರಗಿದ. ಸಂಕವ್ವನ ರೆಪ್ಪೆಯೂ ಅಂಟತೊಡಗಿತು. ಇನ್ನೇನು ಕುಸಿಯಬೇಕು, ಸೆರಗು ಬಿಚ್ಚಿ ಮೆಣಸಿನಕಾಯಿ ಕಡಿದಳು. ಕಣ್ಣು ಮೂಗು ಎಲ್ಲ ಹರಿಯಿತು.

"ಹಾ... ಮುಂದೆ ಹೇಳಿ, ಉಸ್ಸ್... ಕೇಳಿಸ್ಕೋತಾ ಇದ್ದೀನಿ!"

ಹಾಗೆ ಎಚ್ಚರವಾಗಿ ಕೇಳಿದವರನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಜೇನು ಗಂಟಲಲ್ಲೇ ಗಟ್ಟಿಯಾಯಿತು. "ಮೆಟ್ಟಿಲು ಕಟ್ಟಿಸಿದ್ದು ನಾನು. ಆ ಮೆಟ್ಟಿಲಿಳಿದರೆ ಅಲ್ಲಿ ನೀರಿದೆಯೋ ಇಲ್ಲವೋ ಅನ್ನೋದು ಮಹಾಮಂತ್ರಿಗಳ ಖಾತೆ" ಎಂದು, ಕೂರುವಂತಿಲ್ಲದೆ ನಿಂತೇ ಇದ್ದ ಬೊಕ್ಕಸದ ಮಂತ್ರಿಯ ಪಕ್ಕ ತಾನೂ ಕಂಬ ಹಿಡಿದು ನಿಂತ.

ದೊರೆ ಎಚ್ಚೆತ್ತು ತಲೆಯಾಡಿಸಿದ.

ಜಡಜಂಘ ನೀಲಿ ಮೆತ್ತೆಯ ಮೇಲೆ ಕೂತೇ ನಕ್ಕ. "ಬಾ ತಾಯಿ. ಎಷ್ಟೊತ್ತಿಂದ ನಿಂತಿದ್ದೀಯ. ನನಗೆ ಮಂಡಿನೋವು, ಏಳಲಾರೆ. ನೀನು ಕೂತ್ಕೋ, ನಿಧಾನಕ್ಕೆ ಮಾತಾಡೋಣ." ಬೆರಳು ಆಡಿಸಿದ. ಒಂದು ಕುರ್ಚಿ ತಾನಾಗಿ ತೆವಳಿಕೊಂಡು ಬಂದು ಅವಳ ಹಿಂದೆ ನಿಂತಿತು.

ಸಂಕವ್ವನ ಕಾಲು ನೋಯುತ್ತಿದ್ದುದು ನಿಜ. ಕೂರಲು ತಿರುಗಿದಳು. ಕುರ್ಚಿಯ ಮುಂಗಾಲೊಂದು ಟಕಟಕಟಕ ಅಲುಗುತ್ತಿತ್ತು. ಅವಳು ತಡೆದು ನಿಂತಳು. ಹೀಗೆ ಕಾಲು ಕುಣಿಸುವವನು ಲೋಕದಲ್ಲಿ ಒಬ್ಬನೇ. ಊಟಕ್ಕೆ ಕೂತಾಗ "ಸುಮ್ನಿರೋ, ಸಾರು ಚೆಲ್ತದೆ" ಎಂದು ಅವಳು ಬೈದದ್ದೆಷ್ಟೋ. ಬೆನ್ನೊರಗನ್ನು ಮೆಲ್ಲಗೆ ಸವರಿದಳು. ಮರ ಬೆಚ್ಚಗಿತ್ತು. ಸುತ್ತಲಿನ ಕುರ್ಚಿಗಳನ್ನೆಲ್ಲ ಒಮ್ಮೆ ನೋಡಿದಳು. ಅಳು ಬಂತು, ನುಂಗಿಕೊಂಡಳು.

"ಬೇಡ ಬುದ್ಧೀ. ದೋಣಿಯವಳು ನಾನು, ನಿಂತೇ ಅಭ್ಯಾಸ."

ಅಷ್ಟರಲ್ಲಿ ಮಹಾಮಂತ್ರಿಯ ಕೆಳಗಿನಿಂದ "ವಟರ್" ಎಂದು ಕೇಳಿಸಿತು.

"ಏನದು?"

"ಹೊಟ್ಟೆ" ಎಂದ ಜಡಜಂಘ. "ಬೆಳಗ್ಗೆ ಹೀರೇಕಾಯಿ ತಿಂದಿದ್ದೆ."

"ವಟರ್, ವಟರ್" ಎಂದಿತು ಹೀರೇಕಾಯಿ. ಮೆತ್ತೆಯ ಅಂಚಿನಿಂದ ಒಂದು ನೀಲಿ ಹನಿ ಜಾರಿತು. ಚಿತ್ತಾರಿಯ ಬಣ್ಣ ಅವಳಿಗೆ ಗೊತ್ತಿಲ್ಲವೇ? ನದಿಯನ್ನು ಸೀರೆಯಂತೆ ಮಡಿಕೆ ಮೇಲೆ ಮಡಿಕೆ ಮಡಚಿ ಅದರ ಮೇಲೆ ಕೂತಿದ್ದಾನೆ! ಹೊನ್ನೂ ಆ ಮಡಿಕೆಗಳೊಳಗೇ ಇರಬೇಕು. ಆದರೆ ಹೇಳಿದರೆ ಯಾರು ನಂಬುತ್ತಾರೆ? ಎಬ್ಬಿಸಬೇಕು. ಮಂಡಿನೋವಿನವನನ್ನು ಎಬ್ಬಿಸುವುದು ಹೇಗೆ?

ಸಂಕವ್ವ ಕಣ್ಣೊರೆಸಿಕೊಂಡು, ಕೈಮುಗಿದು, ದೊರೆಯ ಕಡೆ ತಿರುಗಿದಳು.

"ದೊರೆಗಳೇ, ಪ್ರಶ್ನೆ ಹಾಗೇ ಇರಲಿ. ಇಂಥ ಮಹಾಮಂತ್ರಿಗಳನ್ನ ಕಣ್ಣಾರೆ ಕಂಡೆ. ನಮ್ಮೂರಿನ ಪರವಾಗಿ ಇವರಿಗೊಂದು ಸನ್ಮಾನ ಮಾಡಬೇಕು ಅಂತ ಆಸೆ."

ಆ ಸಭೆಯಲ್ಲಿ ಕುಡಿಯಲು ನೀರಿಲ್ಲದಿದ್ದರೂ ಶಾಲು, ಹಾರ, ಪೇಟ ಸದಾ ಸಿದ್ಧ. ದೊರೆ ತಲೆಯಾಡಿಸುವ ಮೊದಲೇ ತಟ್ಟೆ ಬಂತು. ಜರಿಯಂಚಿನ ಶಾಲು ಕಂಡು ಜಡಜಂಘನ ಮುಖ ಅರಳಿತು. "ಅಯ್ಯೋ, ಇದೆಲ್ಲ ಯಾಕೆ? ನನಗಿಂತ ಹಿರಿಯರಿದ್ದಾರೆ... ದೊಡ್ಡ ಹಾರ ಇಲ್ಲವಾ?" ಎನ್ನುತ್ತ ಕತ್ತು ಮುಂದೆ ಚಾಚಿದ. ಕೆಂಜಾಡಿಯಲ್ಲಿ ಕೂತವನಿಗೆ ಶಾಲು ಹೊದಿಸಿದ್ದನ್ನು ಕಂಡವರಿಲ್ಲ. ಕೈ ತಾನಾಗಿ ಜೋಡಿಯಾಯಿತು, ಬೆನ್ನು ತಾನಾಗಿ ಬಾಗಿತು, ಮಂಡಿನೋವು ಎಲ್ಲಿ ಹೋಯಿತೋ, ಮಹಾಮಂತ್ರಿ ಎದ್ದು ನಿಂತುಬಿಟ್ಟ.

ಶಾಲು ಹೆಗಲೇರಿ, ಹಾರ ಕೊರಳಿಗೆ ಬೀಳುವಷ್ಟರಲ್ಲಿ ಮೊದಲು ಕಪ್ಪೆ ಹಾರಿತು. ಆಮೇಲೆ ಮೆತ್ತೆಯ ಮೇಲಿನ ಮಡಿಕೆ ಬಿಚ್ಚಿತು, ಅದರ ಕೆಳಗಿನದು ಬಿಚ್ಚಿತು, ಹೊನ್ನು ಝಣಝಣ ಉರುಳಿತು.

"ಅಯ್ಯಯ್ಯೋ!" ಜಡಜಂಘ ಶಾಲು ಸಮೇತ ಅದರ ಮೇಲೆ ಧೊಪ್ಪನೆ ಕೂತ.

"ಬುದ್ಧೀ" ಎಂದಳು ಸಂಕವ್ವ ಮೆಲ್ಲಗೆ, "ನಾನಿನ್ನೂ ಒಪ್ಪಿದೆ ಅಂದಿಲ್ಲ."

ಅಲ್ಲಿ ಮಹಾಮಂತ್ರಿ ಇರಲಿಲ್ಲ. ಹಾರ ಹಾಕಿಕೊಂಡ ಒಂದು ಅಗಲವಾದ ಕುರ್ಚಿ ಇತ್ತು. ಕುರ್ಚಿಗೆ ನದಿ ಒತ್ತಿ ಹಿಡಿಯುವ ಶಕ್ತಿಯೆಲ್ಲಿ? ಚಿತ್ತಾರಿ ಪೂರ್ತಿ ಬಿಚ್ಚಿಕೊಂಡು, ಅವಸರವಿಲ್ಲದೆ, ಸಭೆಯ ಉದ್ದಕ್ಕೂ ಹರಿಯಿತು. ನೀರು ತಾಗಿದ ಕುರ್ಚಿಗಳೆಲ್ಲ ಸೀನಿ, ಮೈ ಮುರಿದು, ಮನುಷ್ಯರಾದವು. ಜಡಜಂಘನ ಕುರ್ಚಿ ಮಾತ್ರ ಜರಿಶಾಲನ್ನು ಬಿಗಿಯಾಗಿ ಸುತ್ತಿಕೊಂಡಿತ್ತು. ಒಂದು ಹನಿಯೂ ಒಳಗಿಳಿಯದೆ ತೇಲಿಹೋಯಿತು.

"ಸಂಕೀ" ಎಂದ ಮಾಚಣ್ಣ ಸೊಂಟ ಹಿಡಿದುಕೊಂಡು, "ನನ್ನ ಮೇಲೆ ಎಂತೆಂಥವರು ಕೂತರು ಗೊತ್ತಾ?"

ಅವಳು ಅಳುತ್ತ ನಕ್ಕಳು, ನಗುತ್ತ ಬೈದಳು, ಅವನ ಕೈ ಮಾತ್ರ ಬಿಡಲಿಲ್ಲ.

ಹೊಳೆಮಗ್ಗುಲಿಗೆ ನೀರು ಬಂತು, ದೋಣಿ ಎದ್ದಿತು, ಹೊನ್ನು ಊರೂರಿಗೆ ಹೋಯಿತು. ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಚಿತ್ತಾರಿಗೆ ಸಭೆಯ ತಂಪು ಹಿಡಿಸಿತೋ ಏನೋ, ಅದರದೊಂದು ಕವಲು ಇಂದಿಗೂ ಅಲ್ಲೇ ಹರಿಯುತ್ತದೆ. ಮಂತ್ರಿಗಳು ಮೊಣಕಾಲುದ್ದ ನೀರಲ್ಲಿ ನಿಂತು ಉತ್ತರ ಹೇಳುತ್ತಾರೆ. ಉತ್ತರ ಉದ್ದವಾದರೆ ಮೀನುಗಳು ಬಂದು ಕಾಲ್ಬೆರಳು ಕಚ್ಚುತ್ತವೆ. ಹಾಗಾಗಿ ಕೆಂಜಾಡಿಯಲ್ಲಿ ಉತ್ತರಗಳೆಲ್ಲ ಚಿಕ್ಕವು, ನೇರವಾದವು. ಮೀನುಗಳು ಮಾತ್ರ ಸ್ವಲ್ಪ ಬಡಕಲು.