ಗುರುತು ಹಾಕುವವನು ಬಂದ ಮೇಲೆ

"ಯಾರ್ರೀ ಅದು, ನಾನು ಹಾಕಿದ ಗುರುತು ಅಳಿಸ್ತಿರೋದು?"

ಅವಳು ತಿರುಗಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಮರದ ಮೇಲಿನ ಕೆಂಪು ಬಣ್ಣ ಉಜ್ಜುತ್ತಲೇ ಇದ್ದಳು. "ಮರದ ಮಿಲ್ಲಿನವರು ಕಳಿಸಿದ್ರೇನು, ತೋಟ ನಮ್ಮದು. ಈ ಮರ ಕಡಿಯೋ ಹಾಗಿಲ್ಲ."

"ಒಣಗಿ ನಿಂತಿದೆಯಲ್ರೀ!"

"ಕಿವಿ ಇಟ್ಟು ಕೇಳಿ."

ಇಟ್ಟ. ಒಳಗೆ ಮರಕುಟಿಗದ ಮರಿಗಳ ಚಿರಚಿರ. ಅವನ ಮುಖ ಇಷ್ಟೇ ಇಷ್ಟಾಯಿತು. "ಬಾಡಿಗೆದಾರರು ಇದ್ದಾರೆ ಅಂತ ಬೋರ್ಡ್ ಹಾಕಬಾರದಿತ್ತಾ?"

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು.

ಮರುದಿನದಿಂದ ಅವಳನ್ನು ಕೇಳದೆ ಅವನು ಬ್ರಷ್ ಎತ್ತಲಿಲ್ಲ. ಸಣಕಲು, ಸೊಟ್ಟ ಮರಗಳು ಈಗ ಕಂಬಕ್ಕೆ, ಸೌದೆಗೆ. ನೆಟ್ಟಗಿದ್ದವು ಇನ್ನೂ ಹನ್ನೆರಡು ವರ್ಷ ಬಲಿತು ಮೇಜು, ಮಂಚಕ್ಕೆ. ಪೊಟರೆ ಇದ್ದವು ಹಕ್ಕಿಗಳಿಗೆ. ಮರ ನೋಡುವ ನೆಪದಲ್ಲಿ ಅವನ ಕಣ್ಣು ಅವಳ ಮೇಲೆ ನಿಲ್ಲುತ್ತಿತ್ತು. ಅವಳು ನೋಡಿದರೆ ತಟ್ಟನೆ ಮೇಲಕ್ಕೆ, ಎಲೆ ಎಣಿಸುವವನ ಹಾಗೆ.

ಮೂರು ವಾರ ಕಳೆಯಿತು.

"ನಾಳೆ ಹೊರಡ್ತೀನಿ. ಹೊಳೆಯಾಚೆ ದೊಡ್ಡ ತೋಟದಲ್ಲಿ ಕೆಲಸ ಸಿಕ್ಕಿದೆ. ನೀವೂ ಬರ್ತೀರಾ? ಮದುವೆ ಆಗಿ?"

ಅವಳ ಮನಸ್ಸು ಹಾರಿತು, ಹಾರಿದಲ್ಲೇ ಬೇಲಿಗೆ ಸಿಕ್ಕಿಕೊಂಡಿತು. ಅಪ್ಪ ಹಾಸಿಗೆ ಹಿಡಿದು ಐದು ವರ್ಷ. ಮರ ಬಲಿಯುವ ತನಕ ತೋಟ ಬಿಡಲ್ಲ ಅಂತ ಅವರಿಗೆ ಮಾತು ಕೊಟ್ಟವಳು ಅವಳೇ. ಅಂದಿನಿಂದ ಗೇಟು ದಾಟಿದ್ದೆಲ್ಲ ಔಷಧಿ ಅಂಗಡಿಗೆ, ಇಲ್ಲವೇ ಮರದ ಮಿಲ್ಲಿಗೆ.

"ಹನ್ನೆರಡು ವರ್ಷ ಕಾಯ್ತೀರಾ?" ತಮಾಷೆಗೆ ಕೇಳಹೋದಳು. ನಗು ಬರಲಿಲ್ಲ.

"ಕಾಯ್ತೀನಿ. ಆದ್ರೆ ಅಷ್ಟರಲ್ಲಿ ನೀವು ನಗೋದನ್ನೇ ಮರೆತಿರ್ತೀರ."

ಸಂಜೆ ಮಾತ್ರೆ ಕೊಡುವಾಗ ಅಪ್ಪ ಅವಳ ಕೈ ಹಿಡಿದರು. "ಕಿಟಕಿ ತೆರೆದಿತ್ತು. ಎಲ್ಲಾ ಕೇಳಿಸ್ತು."

"ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲ್ಲಪ್ಪ."

"ನನ್ನ ಜೊತೆ ಬಂದಿರ್ತೀನಿ ಅಂತ ನಿನ್ನ ಸೋದರತ್ತೆ ಎಷ್ಟು ಸಲ ಹೇಳಿದ್ಳು. ನಿನ್ನ ಆರೈಕೆ ಸಾಲ್ದು ಅಂದ್ಕೊಂಡು ನೀನು ನೊಂದ್ಕೋತೀಯ ಅಂತ ನಾನೇ ಬೇಡ ಅಂದೆ. ತೋಟ ನೋಡ್ಕೋ ಅಂದೆ ಮಗಳೇ, ಮರವಾಗಿ ನಿಂತ್ಕೋ ಅಂದ್ನಾ?"

ಅವಳು ಅವರ ಮಡಿಲಲ್ಲಿ ಮುಖವಿಟ್ಟು ಐದು ವರ್ಷದ್ದೆಲ್ಲ ಅತ್ತಳು. ಅಪ್ಪನೇ ಅತ್ತೆಗೆ ಫೋನ್ ಮಾಡಿಸಿದರು. ಬೆಳಗಿನ ಮೊದಲ ಬಸ್ಸಿಗೆ ಅತ್ತೆ ಬಂದಿಳಿದಳು.

ಹೊಳೆಯಾಚೆ ಹೋಗುವ ಹತ್ತು ಗಂಟೆಯ ಬಸ್ಸಲ್ಲಿ ಅವನು ಒಬ್ಬನೇ ಕೂತಿದ್ದ. ಕಂಡಕ್ಟರ್ ಬಂದು, "ಎಷ್ಟು ಜನ?" ಅಂದ.

"ಇಬ್ಬರು," ಅಂದಳು ಅವಳು, ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂತು. "ನನಗೆ ಹೋಗಿ ಬರೋ ಟಿಕೆಟ್ ಕೊಡಿ."

ಅವನ ಬಾಯಿ ತೆರೆದೇ ಇತ್ತು.

"ತೋಟ ಬಿಡಲ್ಲ. ನಿಮ್ಮನ್ನೂ ಬಿಡಲ್ಲ."

"ಎರಡೂ ಆಗುತ್ತಾ?"

"ಬಸ್ಸು ದಿನಾ ಇದೆಯಲ್ರೀ."