ಎರಡು ಲೀಟರ್ ಸಮುದ್ರದ ನೀರು

ಹದಿನಾಲ್ಕನೇ ತಾರೀಖು, ಸೋಮವಾರ, ಬೆಳಿಗ್ಗೆ 9.20ಕ್ಕೆ ಠಾಣೆಗೆ ಬಂದ ದೂರನ್ನು ಓದಿ ಹೆಡ್ ಕಾನ್ಸ್‌ಟೇಬಲ್ ತಲೆ ಕೆರೆದುಕೊಂಡರು.

"ಸಾರ್, ಬೂಷ್ಟು ಕಳುವಾಗಿದೆಯಂತೆ."

"ನಮ್ಮನೇಲಿ ಬೇಕಾದಷ್ಟಿದೆ, ಕೊಟ್ಟು ಕಳಿಸೋಣ್ವಾ?" ಎಂದರು ಇನ್ಸ್‌ಪೆಕ್ಟರ್.

ದೂರು ತಂದಿದ್ದ ವಿಜ್ಞಾನಿ ನಗಲಿಲ್ಲ. ಅದು ಸಮುದ್ರತಳದ ಸ್ಪಂಜು ಎಂಬ ಜೀವಿಯಿಂದ ಆಕೆ ಬೇರ್ಪಡಿಸಿದ್ದ ಶಿಲೀಂಧ್ರ. ಯಾವ ಔಷಧಿಗೂ ಬಗ್ಗದ ರೋಗಾಣುಗಳನ್ನು ಕೊಲ್ಲುವ ಹಳದಿ ರಾಸಾಯನಿಕವೊಂದನ್ನು ಅದು ತಯಾರಿಸುತ್ತಿತ್ತು. ಎಂಟು ವರ್ಷದ ದುಡಿಮೆ. ಇದ್ದ ಇನ್ನೊಂದು ಪ್ರತಿ ಫ್ರೀಜರ್ ಕೆಟ್ಟಾಗ ಸತ್ತಿತ್ತು. ಉಳಿದಿದ್ದು ಒಂದೇ ಗಾಜಿನ ಕೊಳವೆ, ಈಗ ಅದೂ ಇಲ್ಲ.

"ಮಾರ್ಕೊಂಡ್ರೆ ಮಾರ್ಕೊಳ್ಳಲಿ ಸಾರ್. ಯಾರಾದ್ರೂ ಗಾಯಕ್ಕೆ ಹಚ್ಚಿಬಿಟ್ರೆ? ಮದ್ದಿನ ಜೊತೇಲೇ ಅದು ವಿಷಾನೂ ಮಾಡುತ್ತೆ. ಬೇರೆ ಮಾಡದೆ ಹಾಕಿದ್ರೆ ಎರಡೇ ದಿನಕ್ಕೆ ಕಿಡ್ನಿ ಹೋಗುತ್ತೆ, ಆಮೇಲೆ ಪ್ರಾಣ."

ಎಫ್‌ಐಆರ್ ದಾಖಲಾಯಿತು. 10.05ಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ. ಬೀಗ ಮುರಿದಿಲ್ಲ, ಗಾಜು ಒಡೆದಿಲ್ಲ. ಕೊಳವೆಯನ್ನು ಕೊನೆಯ ಬಾರಿ ನೋಡಿದ್ದು ನಾಲ್ಕನೇ ತಾರೀಖು. ಕೀಲಿ ಆರು ಸಿಬ್ಬಂದಿಯ ಬಳಿಯೂ ಇತ್ತು.

"ಅದನ್ನ ಬೆಳೆಸೋಕೆ ಏನು ಬೇಕು?"

"ಸಕ್ಕರೆ, ಸಮುದ್ರದ ನೀರು. ಉಪ್ಪು ಬೆರೆಸಿದ ನಲ್ಲಿ ನೀರಲ್ಲಿ ಬದುಕಲ್ಲ."

"ಆ ನೀರು ಎಲ್ಲಿ ಸಿಗುತ್ತೆ?"

"ಸಮುದ್ರ ಇಲ್ಲಿಂದ ಆರು ಗಂಟೆ ದಾರಿ. ನಮ್ಮ ಡ್ರಮ್ಮಿಂದಾನೇ ತಗೋಬೇಕು. ತಗೊಂಡೋರು ರಿಜಿಸ್ಟರಲ್ಲಿ ಬರೀಬೇಕು."

"ಕದಿಯೋನು ಬರೀತಾನಾ ಮೇಡಂ!" ಎಂದು ಹೆಡ್ ಕಾನ್ಸ್‌ಟೇಬಲ್ ನಕ್ಕರು.

ಆದರೂ ಇನ್ಸ್‌ಪೆಕ್ಟರ್ ರಿಜಿಸ್ಟರಿನ ಪುಟ ತಿರುಗಿಸಿದರು. ಐದನೇ ತಾರೀಖು, ಶನಿವಾರ, ಸಂಜೆ 4.10. ಎರಡು ಲೀಟರ್. ಉದ್ದೇಶ: ಮನೆಗೆ. ಕೆಳಗೆ ಗುಂಡಗಿನ ಸಹಿ. ಇಪ್ಪತ್ತೊಂದು ವರ್ಷದಿಂದ ಇಲ್ಲಿ ಸೀಸೆ ತೊಳೆಯುತ್ತಿದ್ದ ಸಹಾಯಕನದು. ಎಲ್ಲರ ಬಾಯಲ್ಲೂ ಆತ ಸೀಸೆಯಣ್ಣ.

"ಅಯ್ಯೋ ಪುಣ್ಯಾತ್ಮ!" ಎಂದರು ಇನ್ಸ್‌ಪೆಕ್ಟರ್. ಕೊಳವೆಯನ್ನು ಕದ್ದುಮುಚ್ಚಿ ಒಯ್ದ ಕೈ, ನೀರು ಹಿಡಿದ ಮೇಲೆ ಸಹಿ ಹಾಕದೆ ಬಿಟ್ಟಿರಲಿಲ್ಲ. ಅಭ್ಯಾಸಬಲ ಅಂದರೆ ಇದು.

ವಿಜ್ಞಾನಿಯ ಮುಖ ಬಿಳಿಚಿತು. "ಅವರ ಅಕ್ಕನ ಕಾಲಿಗೆ ಗಾಯ ಆಗಿ ಎಂಟು ತಿಂಗಳಾಯ್ತು, ವಾಸಿ ಆಗ್ತಾನೇ ಇಲ್ಲ. ಈ ಗುರುವಾರ ಕಾಲು ತೆಗೀತಾರಂತೆ. ಹಳದಿ ಬಣ್ಣ ಬರೋಕೆ ಒಂಬತ್ತು ದಿನ ಸಾಕು ಸಾರ್... ಇವತ್ತು ಅವರು ರಜೆ ಹಾಕಿದ್ದಾರೆ."

ಐದಕ್ಕೆ ಒಂಬತ್ತು ಕೂಡಿಸಲು ಇನ್ಸ್‌ಪೆಕ್ಟರಿಗೆ ಬೆರಳು ಬೇಕಾಗಲಿಲ್ಲ. "ಜೀಪ್ ತೆಗೀರಿ!"

10.50. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮಂಚದ ಮೇಲೆ ಅಕ್ಕ, ದಿಂಬಿನ ಮೇಲೆ ಕಾಲು. ಪಕ್ಕದ ಸ್ಟೂಲಿನಲ್ಲಿ ಹಳದಿ ನೀರಿನ ಜಾಡಿ. ಸೀಸೆಯಣ್ಣನ ಕೈಯಲ್ಲಿ ಹತ್ತಿ.

"ಹಚ್ಚಿಬಿಟ್ರಾ?" ವಿಜ್ಞಾನಿ ಬಾಗಿಲಲ್ಲೇ ಕೂಗಿದಳು.

ಆತ ಹತ್ತಿ ಹಿಡಿದುಕೊಂಡೇ ಎದ್ದು ನಿಂತ. ಉತ್ತರ ಬಂದದ್ದು ಅಕ್ಕನಿಂದ. "ಎಲ್ಲಿ ಬಿಟ್ಟೆ? ಬೆಳಗ್ಗೆಯಿಂದ ದುಂಬಾಲು ಬಿದ್ದಿದ್ದಾನೆ. ಬೂಷ್ಟು ಬಂದ ಬ್ರೆಡ್ಡನ್ನೇ ಎಸೆಯೋಳು ನಾನು, ಅದನ್ನ ಕಾಲಿಗೆ ಬಳ್ಕೊಳ್ತೀನಾ?"

ವಿಜ್ಞಾನಿ ಒಳಗೆ ಹೋಗಿ ಜಾಡಿಯನ್ನು ಮಂಚದಿಂದ ದೂರ ಸರಿಸಿದಳು. ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದಂತಾಯಿತು. "ಅಮ್ಮಾ, ನಿಮ್ಮ ಹಟಕ್ಕೆ ಕೈ ಮುಗೀಬೇಕು," ಎಂದರು ಹೆಡ್ ಕಾನ್ಸ್‌ಟೇಬಲ್.

ಅದರಲ್ಲಿ ವಿಷವೂ ಇದೆ ಎಂದು ವಿಜ್ಞಾನಿ ಹೇಳಿದ್ದೇ ತಡ, ಸೀಸೆಯಣ್ಣನ ಕೈಯಿಂದ ಹತ್ತಿ ಜಾರಿತು. "ಅಕ್ಕಾ, ನಿನ್ನ ಕೊಂದೇಬಿಡ್ತಿದ್ನಲ್ಲೇ!"

"ಕೊಂದಿಲ್ವಲ್ಲ, ಅಳಬೇಡ. ಕಾಲು ಹೋದ್ರೆ ಹೋಗ್ಲಿ ಬಿಡೋ, ನಿನ್ನ ಬೈಯೋಕೆ ಬಾಯಿ ಇದ್ಯಲ್ಲ."

11.25ಕ್ಕೆ ಕೊಳವೆ, ಜಾಡಿ ಜಪ್ತಿಯಾದವು. ಶಿಲೀಂಧ್ರ ಜೀವಂತವಾಗಿತ್ತು, ಸೊಗಸಾಗಿ ಬೆಳೆದಿತ್ತು. "ನನಗಿಂತ ಚೆನ್ನಾಗಿ ಸಾಕಿದ್ದಾರೆ," ಎಂದು ವಿಜ್ಞಾನಿ ಕಣ್ಣೊರೆಸಿಕೊಂಡಳು. ಆತನನ್ನು ಬಂಧಿಸಲಾಯಿತು. ಗುರುವಾರ ಆತ ಆಸ್ಪತ್ರೆಯಲ್ಲಿರಬೇಕು, ಜಾಮೀನಿಗೆ ತನ್ನ ಆಕ್ಷೇಪವಿಲ್ಲ ಎಂದು ಆಕೆ ಅಲ್ಲೇ ಬರೆದುಕೊಟ್ಟಳು.

ಠಾಣೆಯಲ್ಲಿ ಹೇಳಿಕೆ ತೆಗೆದುಕೊಳ್ಳುವಾಗ ಇನ್ಸ್‌ಪೆಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಯಾಕೆ?"

"ಇದು ಔಷಧಿ ಆಗೋಕೆ ಇನ್ನೂ ಹತ್ತು ವರ್ಷ ಬೇಕು ಅಂತ ಮೇಡಂ ಯಾರಿಗೋ ಹೇಳ್ತಿದ್ರು ಸಾರ್. ನಾನು ಪಕ್ಕದಲ್ಲೇ ಸೀಸೆ ತೊಳೀತಿದ್ದೆ. ನಮಗಿದ್ದಿದ್ದು ಹನ್ನೆರಡು ದಿನ."

ಇನ್ಸ್‌ಪೆಕ್ಟರ್ ಅದನ್ನು ಒಂದಕ್ಷರವೂ ಬದಲಿಸದೆ ಬರೆದುಕೊಂಡರು.